ಯಾವುದಕ್ಕೂ ಜೋಡಿಸದ ಗುಂಡಿ

ಅಧ್ಯಕ್ಷೆಯವರು ಎರಡನೆಯ ಬಿಸ್ಕತ್ತನ್ನು ಚಹದಲ್ಲಿ ಅದ್ದುತ್ತಿದ್ದರು. ನಿರ್ದೇಶಕರು, ಕಚೇರಿಯ ಜಾಲತಾಣ ತೆರೆದಿಟ್ಟಿದ್ದ ಗೋಡೆಯ ದೊಡ್ಡ ಪರದೆಗೆ ಬೆನ್ನು ಕೊಟ್ಟು ನಿಂತು, ಕಾಲಕ್ಕೆ ತಕ್ಕಂತೆ ತಮ್ಮ ಕಚೇರಿ ಹೇಗೆ ಓಡುತ್ತಿದೆ ಎಂಬ ಭಾಷಣದ ಅರ್ಧಕ್ಕೆ ಬಂದಿದ್ದರು. ಆಗ ಪರದೆಯ ಮೇಲೆ, ಸರಿಯಾಗಿ ನಿರ್ದೇಶಕರ ಭಾವಚಿತ್ರದ ಹಣೆಯ ಜಾಗದಲ್ಲಿ, ಕೆಂಪಕ್ಷರದ ಸಾಲೊಂದು ಮೂಡಿತು:

'ಎಚ್ಚರಿಕೆ: ಇದು ಹಳೆಯ ಪದ್ಧತಿ. ಸದ್ಯಕ್ಕೆ ನಡೆಯುತ್ತದೆ. ಹೆಚ್ಚು ದಿನ ನಡೆಯುವುದಿಲ್ಲ.'

ಅಧ್ಯಕ್ಷೆಯವರ ಬಿಸ್ಕತ್ತು ಕಳಚಿ ಚಹದಲ್ಲಿ ಮುಳುಗಿತು. ಸಭೆಯಲ್ಲಿ ಸಣ್ಣ ಗುಜುಗುಜು ಎದ್ದಿತು. ತಮ್ಮ ಮಾತು ನಾಟಿತೆಂದು ತಿಳಿದ ನಿರ್ದೇಶಕರು ದನಿ ಏರಿಸಿ, ಮುಂದಿನ ಪುಟಕ್ಕೆ ಹೋಗಲು ಮೌಸ್ ಒತ್ತಿದರು. ಮೊದಲ ಸಾಲಿನ ಕೆಳಗೆ ಅದೇ ಸಾಲು ಮತ್ತೊಮ್ಮೆ ಬಂತು. ಇನ್ನೊಮ್ಮೆ ಒತ್ತಿದರು, ಇನ್ನೊಂದು ಬಂತು. ಜನ ಎಲ್ಲಿ ನೋಡುತ್ತಿದ್ದಾರೆಂದು ಕೊನೆಗೆ ಅವರು ತಿರುಗಿ ನೋಡುವ ಹೊತ್ತಿಗೆ ಚಿತ್ರದಲ್ಲಿ ಉಳಿದಿದ್ದದ್ದು ಮೀಸೆ ಮತ್ತು ಟೈ ಮಾತ್ರ.

"ಯಾರ್ರೀ ಇದನ್ನ ಬರೆದಿದ್ದು?"

ಕೊನೆಯ ಸಾಲಿನಿಂದ ಸಾವಕಾಶಪ್ಪನವರು ಎದ್ದರು. ಎದ್ದರು ಎನ್ನುವುದಕ್ಕಿಂತ, ಎಡಗೈ ಕುರ್ಚಿಗೆ ಊರಿ, ಬಲಗೈ ಮೊಣಕಾಲಿಗೆ ಊರಿ, ಹಂತಹಂತವಾಗಿ ನಿಲುವಿಗೆ ಬಂದರು ಎನ್ನಬೇಕು. "ನಾನು ಸರ್. ಆದ್ರೆ ಅದು ನಿಮಗೆ ಹೇಳಿದ್ದಲ್ಲ."

"ಮತ್ಯಾರಿಗೆ?"

"ಪ್ರೋಗ್ರಾಮಿಗೆ."

"ಪ್ರೋಗ್ರಾಮಿಗೆ ಹೇಳಿದ್ದು ನನ್ನ ಮುಖದ ಮೇಲೆ ಯಾಕೆ ಬಂತು?"

ಸಾವಕಾಶಪ್ಪನವರಿಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜವನ್ನು ಹೊತ್ತು ನೋಡಿ ಹೇಳಲೂ ಬರುವುದಿಲ್ಲ. "ನಿಮ್ಮ ಮುಖ ಇನ್ನೂ ಹಳೇ ಪದ್ಧತಿಯಲ್ಲೇ ಬರ್ತಿದೆ ಸರ್," ಎಂದರು.

ಅಧ್ಯಕ್ಷೆಯವರು ಚಮಚದಿಂದ ಬಿಸ್ಕತ್ತನ್ನು ಹುಡುಕುವ ನೆಪದಲ್ಲಿ ತಲೆ ತಗ್ಗಿಸಿ ನಕ್ಕರು.

ಈ ಕಚೇರಿ ಕಳೆದುಹೋದ ವಸ್ತುಗಳದು. ಬಸ್ಸು ರೈಲುಗಳಲ್ಲಿ ಜನ ಮರೆತು ಇಳಿದದ್ದೆಲ್ಲ ಕೊನೆಗೆ ಬಂದು ಸೇರುವುದು ಇಲ್ಲಿಗೆ. ಕೊಡೆ, ಕನ್ನಡಕ, ಚೀಲ, ಕಟ್ಟಿಸಿದ ಹಲ್ಲು; ಒಮ್ಮೆ ಚಿಲಕ ಸಮೇತ ಒಂದು ಇಡೀ ಬಾಗಿಲು. ಕಳೆದುಕೊಂಡವರು ಮನೆಯಲ್ಲೇ ಕೂತು ಕಚೇರಿಯ ಜಾಲತಾಣದಲ್ಲಿ 'ಕಪ್ಪು ಕೊಡೆ, ಬಾಗಿದ ಹಿಡಿಕೆ' ಎಂದು ಬರೆಯುತ್ತಾರೆ. ಕಪಾಟಿನಲ್ಲಿ ಅಂಥದ್ದು ಇದೆಯೇ ಎಂದು ಇಲ್ಲಿನವರು ಪರದೆಯಲ್ಲಿ ಹುಡುಕಿ ಹೇಳುತ್ತಾರೆ. ಆ ಜಾಲತಾಣವನ್ನು ಕಟ್ಟಿದವರು ಸಾವಕಾಶಪ್ಪನವರು. ಕಟ್ಟುವಾಗ ಅವರ ತಲೆ ತುಂಬ ಕೂದಲಿತ್ತು. ಅದೂ ಎಲ್ಲೋ ಕಳೆದುಹೋಯಿತು, ಯಾರೂ ತಂದು ಕೊಡಲಿಲ್ಲ.

ಇಂಥ ಜಾಲತಾಣವನ್ನು ಯಾರೂ ಬರಿನೆಲದಿಂದ ಎಬ್ಬಿಸುವುದಿಲ್ಲ. ಎಲ್ಲೋ ಯಾರೋ ಮಾಡಿಟ್ಟ ಚೌಕಟ್ಟೊಂದನ್ನು ತಂದು ನಿಲ್ಲಿಸಿ, ಅದಕ್ಕೆ ತಮ್ಮ ಬಾಗಿಲು ಕಿಟಕಿ ಕೂರಿಸಿಕೊಳ್ಳುತ್ತಾರೆ. ತೊಡಕೆಂದರೆ, ಚೌಕಟ್ಟು ಮಾಡಿದವರು ಕೈಕಟ್ಟಿ ಕೂರುವ ಪೈಕಿಯಲ್ಲ. ಕೆಲವು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಹೊರಡಿಸುತ್ತಾರೆ. ಇನ್ನು ಮುಂದೆ ಬಾಗಿಲನ್ನು ಎಳೆಯುವಂತಿಲ್ಲ, ತಳ್ಳಬೇಕು. ಕಿಟಕಿಯನ್ನು ಕಿಟಕಿ ಎನ್ನುವಂತಿಲ್ಲ, ಗವಾಕ್ಷಿ ಎಂದರೆ ಮಾತ್ರ ತೆರೆದುಕೊಳ್ಳುತ್ತದೆ. ಹಳೆಯದರಲ್ಲೇ ಇರುತ್ತೀರೋ, ಸಂತೋಷ, ಕಳ್ಳ ನುಗ್ಗಿದರೆ ನಮ್ಮನ್ನು ಕೇಳಬೇಡಿ. ಇಷ್ಟು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಹಳೆಯ ಆವೃತ್ತಿಯಿಂದ ಹೊಸದಕ್ಕೆ ಇಡೀ ಸಂಸಾರವನ್ನು ಸಾಗಿಸುವುದು ಆಯಾ ಕಚೇರಿಯವರ ಹಣೆಬರಹ. ಆವೃತ್ತಿ ಬದಲಾಯಿಸಿ ಎಂದರೆ ನಿವೃತ್ತಿ ಕೊಡಿ ಎನ್ನುವ ಪ್ರೋಗ್ರಾಮರುಗಳೂ ಇದ್ದಾರೆ.

ಸಾವಕಾಶಪ್ಪನವರ ದಾರಿ ಬೇರೆ. ಕೆಡವಿ ಕಟ್ಟುವುದು ಅವರ ಜಾಯಮಾನದಲ್ಲಿಲ್ಲ. ಹಳೆಯ ಬಾಗಿಲನ್ನು ಅವರು ಹಾಗೇ ಬಿಡುತ್ತಾರೆ. ಅದನ್ನು ಯಾರಾದರೂ ಎಳೆದರೆ, ಹಿಂದೆ ನಿಲ್ಲಿಸಿದ ಪುಟ್ಟ ಪ್ರೋಗ್ರಾಮೊಂದು ಸದ್ದಿಲ್ಲದೆ ಹೊಸ ಬಾಗಿಲನ್ನು ತಳ್ಳುತ್ತದೆ. ತಳ್ಳಿ, 'ಇದು ಹಳೆಯ ಪದ್ಧತಿ' ಎಂದು ಒಂದು ಸಾಲು ಗೊಣಗುತ್ತದೆ. ಗೊಣಗಿದ್ದು ಅವರೊಬ್ಬರ ಪರದೆಗೆ ಮಾತ್ರ ಕಾಣಬೇಕು. ಎಲ್ಲಿ ಗೊಣಗಾಟ ಕೇಳಿಸಿತೋ ಅಲ್ಲಿ ಹೋಗಿ ಹಳೆಯದನ್ನು ಸರಿಪಡಿಸುತ್ತಾರೆ. ಎಲ್ಲ ಗೊಣಗಾಟವೂ ನಿಂತಾಗ ಸಾಗಣೆ ಮುಗಿಯಿತು ಎಂದು ಅರ್ಥ. ಆ ದಿನ ಅವರು ಸಭಾಂಗಣದ ಕಂಪ್ಯೂಟರಿನ ಬಾಯಿ ಮುಚ್ಚಿಸುವುದನ್ನು ಮರೆತಿದ್ದರು, ಅಷ್ಟೇ.

ಯಾರು ಏನು ಕೇಳಿದರೂ "ಸಾವಕಾಶ" ಎಂದೇ ಉತ್ತರ ಕೊಡುವುದರಿಂದ ಆ ಹೆಸರು. ಮನೆಯಲ್ಲೂ ಇದೇ ಪದ್ಧತಿ. ಸಕ್ಕರೆ ಡಬ್ಬಿಯನ್ನು ಒಲೆಯ ಪಕ್ಕದಿಂದ ಮೇಲಿನ ಕಪಾಟಿಗೆ ಸಾಗಿಸಬೇಕೆಂದು ಹೆಂಡತಿ ಹೇಳಿದಾಗ, ತಮ್ಮ ಅಮ್ಮನಿಗೆ ಕಷ್ಟವಾದೀತೆಂದು ಹಳೆಯ ಡಬ್ಬಿಯನ್ನು ಹಳೆಯ ಜಾಗದಲ್ಲೇ ಇಟ್ಟು, ಅದರಲ್ಲೂ ಸ್ವಲ್ಪ ಸಕ್ಕರೆ ಹಾಕಿ, ಮುಚ್ಚಳಕ್ಕೆ ಚೀಟಿ ಅಂಟಿಸಿದ್ದರು: 'ಸಕ್ಕರೆ ಈಗ ಮೇಲಿನ ಕಪಾಟಿನಲ್ಲಿದೆ. ಈ ಡಬ್ಬಿ ಮುಂದಿನ ತಿಂಗಳು ಖಾಲಿಯಾಗಲಿದೆ.'

"ನನ್ನನ್ನ ಬದಲಾಯಿಸೋದಿದ್ರೆ ಎಲ್ಲಿ ಚೀಟಿ ಅಂಟಿಸ್ತೀರಿ?" ಎಂದು ಹೆಂಡತಿ ಕೇಳಿದ್ದಳು. ಆಕೆ ದರ್ಜಿ, ನಾಲಿಗೆಗೂ ಕತ್ತರಿಯ ಹರಿತ.

"ನಿನಗೆ ಮುಂದಿನ ಆವೃತ್ತಿ ಇಲ್ಲ ಮಾರಾಯ್ತಿ."

"ಹೊಗಳಿದ್ದೋ ಬೈದದ್ದೋ?"

"ಸಾವಕಾಶವಾಗಿ ಹೇಳ್ತೀನಿ."

ಸಭೆ ಮುಗಿದ ಮೇಲೆ ನಿರ್ದೇಶಕರು ಅವರನ್ನು ಕೋಣೆಗೆ ಕರೆಸಿದರು. "ನೋಡಿ, ಈ ಬದಲಾವಣೆಗೆ ಒಂದು ದಿನ ಗೊತ್ತು ಮಾಡಿದ್ದೀನಿ. ಮಳೆ ನಿಂತ ಮೇಲೆ. ಅಧ್ಯಕ್ಷರನ್ನ ಕರೀತೀನಿ, ನಾನೇ ಗುಂಡಿ ಒತ್ತಿ ಬದಲಾಯಿಸ್ತೀನಿ. ಅದಾದ್ಮೇಲೆ ಕೆಲಸಗಾರರಿಂದ ದೂರು ಅಂತ ಒಂದು ಬಂದ್ರೂ ಈ ಕೆಲಸ ಹೊರಗಿನ ಕಂಪನಿಗೆ ಹೋಗತ್ತೆ."

"ನಾನು ಸರ್?"

"ನೀವು ಕೆಳಗೆ. ಕೈಗವಸಿನ ಕೋಣೆಗೆ."

ಕೈಗವಸಿನ ಕೋಣೆ ನೆಲಮಾಳಿಗೆಯಲ್ಲಿದೆ. ಜನ ಕೈಗವಸನ್ನು ಜೋಡಿಯಾಗಿ ಕಳೆದುಕೊಳ್ಳುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಮನೆಗೆ ಒಯ್ದು ಬೇಜಾರು ಮಾಡಿಕೊಳ್ಳುತ್ತಾರೆ. ಹಾಗಾಗಿ ಅಲ್ಲಿ ಇರುವುದೆಲ್ಲ ಒಂಟಿ. ಅಲ್ಲಿಗೆ ವರ್ಗವಾದವರ ಕೆಲಸ ಅವುಗಳಿಗೆ ಜೋಡಿ ಹುಡುಕುವುದು. ಹಿಂದೆ ಅಲ್ಲಿ ಇದ್ದು ಬಂದ ಗುಮಾಸ್ತರೊಬ್ಬರು, ಯಾರಾದರೂ ಕೈ ಕುಲುಕಲು ಬಂದರೆ ಆ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಲ," ಎಂದು ಹೇಳಿ ಪಕ್ಕಕ್ಕೆ ಇಡುತ್ತಿದ್ದರು. ನೆನೆದರೆ ಸಾವಕಾಶಪ್ಪನವರು ಎರಡೂ ಕೈಯನ್ನು ಜೇಬಿಗೆ ಇಳಿಸುತ್ತಿದ್ದರು. ಅವರಿಗೆ ಈ ಲೋಕದಲ್ಲಿ ಬರುತ್ತಿದ್ದದ್ದು ಒಂದೇ ವಿದ್ಯೆ, ಅದನ್ನು ಬಿಟ್ಟು ಒಂಟಿ ಕೈಗವಸುಗಳಿಗೆ ಸಂಬಂಧ ಕುದುರಿಸುತ್ತ ಕೂರುವ ಶಕ್ತಿ ಅವರಲ್ಲಿರಲಿಲ್ಲ.

ಆದ್ದರಿಂದ ಗೊತ್ತಾದ ದಿನಕ್ಕೆ ಕಾಯದೆ ಅವರು ಸಾಗಣೆ ಶುರು ಮಾಡಿಯೇ ಬಿಟ್ಟರು. ಮೋಡ ಕಾಣದ ವಾರ ನೋಡಿ ಮೊದಲು ಕೊಡೆ ವಿಭಾಗವನ್ನು ಹೊಸ ಆವೃತ್ತಿಗೆ ದಾಟಿಸಿದರು. ಅಲ್ಲಿ ಕೂರುವಾಕೆಗೆ ಕೊಡೆ ಅಕ್ಕ ಎಂದು ಹೆಸರು. ಕೊಡೆಗಳೆಲ್ಲ ಆಕೆಯ ಸುಪರ್ದಿ ಎಂಬುದು ಒಂದು ಕಾರಣ. ಗುರುತು ಸರಿಯಾಗಿ ಹೇಳದವರಿಗೆ ಮುಖ ನೋಡದೆ "ಕೊಡೆ" ಎಂದು ಹೇಳಿ ಕಳಿಸುವುದು ಇನ್ನೊಂದು. ದಾಟಿಸಿದ ಬೆಳಿಗ್ಗೆ ಸಾವಕಾಶಪ್ಪನವರು ಆಕೆಯ ಕುರ್ಚಿಯ ಹಿಂದೆ ನಿಂತು ನೋಡಿದರು. ಆಕೆ ಹುಡುಕಿದಳು, ಸಿಕ್ಕಿತು, ಒತ್ತಿದಳು, ತೆರೆಯಿತು.

"ಏನಾದ್ರೂ ಬೇರೆ ಅನ್ನಿಸ್ತಿದೆಯಾ ಅಕ್ಕ?"

"ಅನ್ನಿಸ್ತಿದೆ."

ಅವರು ಮುಂದಕ್ಕೆ ಬಗ್ಗಿದರು. "ಏನು?"

"ನೀನು ಯಾವತ್ತೂ ಇಷ್ಟು ಹೊತ್ತು ನನ್ನ ಹಿಂದೆ ನಿಂತಿರ್ಲಿಲ್ಲ ತಮ್ಮ. ಹೋಗು, ಬೆಳಕು ಬಿಡು."

ಆಮೇಲೆ ಕನ್ನಡಕಗಳು ದಾಟಿದವು. ಆ ವಿಭಾಗದ ಕನ್ನಡಕದಣ್ಣ ತಮ್ಮ ಸ್ವಂತ ಕನ್ನಡಕವನ್ನು ದಿನಕ್ಕೊಂದು ಸಲವಾದರೂ ಅಲ್ಲೇ ಕಳೆದುಕೊಳ್ಳುವ ಮನುಷ್ಯ. ಪರದೆಯಲ್ಲಿ ಏನು ಬದಲಾಯಿತೆಂದು ಅವರಿಗೆ ಗೊತ್ತಾಗುವ ಭಯವಿರಲಿಲ್ಲ. ಚೀಲ, ಕೈಗಡಿಯಾರ, ಹಲ್ಲು, ಒಂದೊಂದಾಗಿ ಎಲ್ಲವೂ ದಾಟಿದವು. ಕೊನೆಯಲ್ಲಿ ನಿರ್ದೇಶಕರ ಭಾವಚಿತ್ರವೂ ಹೊಸ ಪದ್ಧತಿಗೆ ಬಂತು. ಗೊಣಗಾಟ ಪೂರ್ತಿ ನಿಂತಿತು. ಸಮಾರಂಭಕ್ಕೆ ಇನ್ನೂ ಒಂದು ತಿಂಗಳಿತ್ತು.

ಸಾವಕಾಶಪ್ಪನವರು ಹೇಳಲಿಲ್ಲ ಎನ್ನುವಂತಿಲ್ಲ. ನಿರ್ದೇಶಕರ ಕೋಣೆಗೆ ಹೋದರು. ಅಲ್ಲಿ ಬಡಗಿಯೊಬ್ಬ ಗುಂಡಿ ಕೂರಿಸುವ ಮರದ ಪೆಟ್ಟಿಗೆಯ ಅಳತೆ ತೆಗೆಯುತ್ತಿದ್ದ.

"ಸರ್, ಬದಲಾವಣೆ ಆಗ್ಹೋಗಿದೆ."

"ಹಾಗೆಲ್ಲ ಆಗ್ಹೋಗಬಾರದು ಕಣ್ರೀ. ನಾನು ಒತ್ತಿದ ಮೇಲೆ ಆಗ್ಬೇಕು. ಗುಂಡಿ ಹಸಿರು ಇರ್ಲೋ, ಕೆಂಪು ಇರ್ಲೋ?"

"ಯಾವ್ದಾದ್ರೂ ನಡೆಯತ್ತೆ ಸರ್. ಅದಕ್ಕೆ ಕೆಲಸವೇ ಇಲ್ಲ."

"ಹಾಗಾದ್ರೆ ಹಸಿರು," ಎಂದರು ನಿರ್ದೇಶಕರು ಬಡಗಿಗೆ.

"ತಂತಿ ಎಲ್ಲಿಗೆ ಹೋಗ್ಬೇಕು ಸಾರ್?" ಎಂದು ಬಡಗಿ ಕೇಳಿದ.

ನಿರ್ದೇಶಕರು ಸಾವಕಾಶಪ್ಪನವರನ್ನು ನೋಡಿದರು. ಸಾವಕಾಶಪ್ಪನವರು ಸೂರು ನೋಡಿದರು. ಕೊನೆಗೆ, ಯಾರೂ ಎಡವದ ಹಾಗೆ ತಂತಿಯನ್ನು ಮೇಜಿನ ಕಾಲಿಗೆ ಕಟ್ಟಬೇಕೆಂದು ತೀರ್ಮಾನವಾಯಿತು.

ಆ ತಿಂಗಳಿಡೀ ಕಚೇರಿ ದೊಡ್ಡ ಆಪತ್ತಿಗೆ ಸಜ್ಜಾಗುವಂತೆ ಸಜ್ಜಾಯಿತು. ಬದಲಾವಣೆಯ ದಿನ ಧೈರ್ಯಗೆಡಬಾರದು ಎಂದು ನಿರ್ದೇಶಕರು ಪ್ರತಿ ಸೋಮವಾರ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರಿಂದ, ಧೈರ್ಯವಿದ್ದವರೂ ಕೆಟ್ಟರು. ಕನ್ನಡಕದಣ್ಣ ಹಳೆಯ ಪರದೆಯ ಪಕ್ಕ ನಿಂತು, ಅದರ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡರು. ಅದು ಹೊಸದಾಗಿ ಆಗಲೇ ವಾರಗಳಾಗಿದ್ದವು. "ಎಷ್ಟು ವರ್ಷದ ಒಡನಾಟ," ಎಂದು ಕಣ್ಣೊರೆಸಿಕೊಂಡರು. ಸಾವಕಾಶಪ್ಪನವರೇ ಫೋಟೊ ತೆಗೆದರು. ಅವರು ಮುಖವನ್ನು ಆಚೆ ತಿರುಗಿಸಿದ್ದಕ್ಕೆ ಎಲ್ಲರೂ ದುಃಖ ಕಾರಣವೆಂದುಕೊಂಡರು.

ಗೊತ್ತಾದ ದಿನ ಬಂತು. ಅಧ್ಯಕ್ಷೆಯವರು ಬಂದರು, ಈ ಸಲ ಬಿಸ್ಕತ್ತನ್ನು ಒಣದಾಗಿಯೇ ತಿಂದರು. ನಿರ್ದೇಶಕರು ಹಸಿರು ಗುಂಡಿ ಒತ್ತಿದರು. ಮೇಜಿನ ಕಾಲಿಗೆ ಏನೂ ಆಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

"ನೋಡಿದ್ರಾ ಮೇಡಂ, ಎಷ್ಟು ಚುರುಕಾಗಿದೆ," ಎಂದರು ನಿರ್ದೇಶಕರು.

ಅಧ್ಯಕ್ಷೆಯವರು ಪರದೆಯನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಹೊರಟುಹೋದರು.

ಮಧ್ಯಾಹ್ನ ಊಟದ ಹೊತ್ತಿಗೆ ದೂರುಗಳು ಶುರುವಾದವು. ಮೊದಲು ಬಂದವರು ಕನ್ನಡಕದಣ್ಣ. "ಅಕ್ಷರ ಎಲ್ಲಾ ಸಣ್ಣ ಆಗಿವೆ ರೀ."

"ನಿಮ್ಮ ಕನ್ನಡಕ ಎಲ್ಲಿ ಅಣ್ಣ?"

"ಅದೂ ಕಳೆದುಹೋಯ್ತು. ಹಳೇದು ಇದ್ದಾಗ ಹೀಗೆಲ್ಲ ಆಗ್ತಿರ್ಲಿಲ್ಲ."

ಚೀಲ ವಿಭಾಗದವರಿಗೆ ಮೌಸ್ ಭಾರವಾಗಿತ್ತು. ಹಲ್ಲಿನ ವಿಭಾಗದವರಿಗೆ ಪರದೆಯ ಬಿಳುಪು ಜುಂ ಎನ್ನಿಸುತ್ತಿತ್ತು. ಒಬ್ಬರಿಗೆ ಭುಜ, ಇನ್ನೊಬ್ಬರಿಗೆ ನಿದ್ದೆ. ಕಂಪ್ಯೂಟರನ್ನೇ ಮುಟ್ಟದ ಕಾವಲುಗಾರ ಕೂಡ ಬಂದು, ಬೆಳಿಗ್ಗೆಯಿಂದ ಗೇಟು ಬಿಗಿಯಾಗಿದೆ ಎಂದ. ಹಳೆಯದನ್ನೇ ಕೊಡಿ ಎಂದು ಎಲ್ಲರದೂ ಒಂದೇ ಹಟ. ಏನೂ ಹೇಳದೆ ಕೂತಿದ್ದವಳು ಕೊಡೆ ಅಕ್ಕ ಒಬ್ಬಳೇ. ಸಾವಕಾಶಪ್ಪನವರು ಹೋಗಿ ವಿಚಾರಿಸಿದರು. "ಇವತ್ತು ನೀನು ನನ್ನ ಹಿಂದೆ ನಿಂತಿಲ್ಲ," ಎಂದಳು ಆಕೆ, ಒಂದು ಕೊಡೆಯನ್ನು ಬಿಚ್ಚಿ ಮಡಚುತ್ತ. "ಅಂದ್ಮೇಲೆ ಇವತ್ತು ಏನೂ ಆಗಿಲ್ಲ. ನನಗೇನು ದೂರು?"

ಸಂಜೆ ನಿರ್ದೇಶಕರು ಕರೆಸಿದರು. ಮುಖ ಹಳೆಯ ಪದ್ಧತಿಯಲ್ಲೇ ಕೆಂಪಾಗಿತ್ತು. "ದೂರು ಅಧ್ಯಕ್ಷರ ತನಕ ಹೋಗಿದೆ. ಶುಕ್ರವಾರ ಬಂದು ಒಬ್ಬೊಬ್ಬರನ್ನೇ ಕೇಳ್ತಾರಂತೆ. ಅಷ್ಟರೊಳಗೆ ಹಳೇದನ್ನ ವಾಪಸ್ ತನ್ನಿ. ಇಲ್ಲಾಂದ್ರೆ ನಿಮಗೆ ಕೆಳಗೆ ಕುರ್ಚಿ ಹಾಕ್ಸಿದ್ದೀನಿ."

ಸಾವಕಾಶಪ್ಪನವರು ಬಸ್ಸಿನಲ್ಲಿ ಕೂತು ಯೋಚಿಸಿದರು. ಹಳೆಯದನ್ನು ತರುವುದೆಂದರೆ ಕಳ್ಳನಿಗೆ ಬಾಗಿಲು ತೆಗೆದಂತೆ. ತಿಂಗಳ ಕೆಳಗೇ ಎಲ್ಲ ಬದಲಾಗಿತ್ತು, ನೀವು ಒತ್ತಿದ್ದು ಮೇಜಿನ ಕಾಲನ್ನು ಎಂದು ಎಲ್ಲರೆದುರು ಹೇಳಿದರೆ ಕೈಗವಸಿನ ಕೋಣೆ. ಹೇಳದೆ ಬಿಟ್ಟರೆ ದೂರು, ದೂರಿದ್ದರೆ ಮತ್ತೆ ಕೈಗವಸಿನ ಕೋಣೆ. ಎತ್ತ ತಿರುಗಿದರೂ ಬೆರಳು ಐದೇ. ಈ ಚಿಂತೆಯಲ್ಲಿ ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟು ಇಳಿದರು.

ಮನೆಯಲ್ಲಿ ಹೆಂಡತಿ ಕಿಟಕಿಯ ಬೆಳಕಿಗೆ ಕೂತು ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. "ಗುಂಡಿ ಒತ್ತಿದ್ದು ಅವರು, ಗುಂಡಿಗೆ ಬಿದ್ದದ್ದು ನಾನು," ಎಂದು ಎಲ್ಲವನ್ನೂ ಹೇಳಿಕೊಂಡರು.

"ದಿನಾ ಗುಂಡಿಯಲ್ಲೇ ಬದುಕೋಳ ಮುಂದೆ ಬಂದು ಹೇಳಿ. ಚಹ ಮಾಡಿಟ್ಟಿದ್ದೀನಿ, ಕುಡೀರಿ."

ಸಾವಕಾಶಪ್ಪನವರ ಅಮ್ಮ ಅಡುಗೆಮನೆಯಲ್ಲಿ ತಮ್ಮ ಲೋಟಕ್ಕೆ ಚಹ ಬಗ್ಗಿಸಿಕೊಂಡರು. ಒಲೆಯ ಪಕ್ಕದ ಹಳೆಯ ಡಬ್ಬಿಗೆ ಕೈ ಚಾಚಿ, ಚೀಟಿ ಅಂಟಿದ ಮುಚ್ಚಳ ತೆಗೆದು, ಚಮಚ ಅದ್ದಿ, ಲೋಟಕ್ಕೆ ಸುರಿದು ಕಲಕಿದರು. ಸಾವಕಾಶಪ್ಪನವರು ಗಾಬರಿಗೊಂಡರು. ಚೀಟಿಯಲ್ಲಿ ಹೇಳಿದಂತೆ ಆ ಡಬ್ಬಿಯನ್ನು ಅವರು ಖಾಲಿ ಮಾಡಿ ಎಷ್ಟೋ ದಿನವಾಗಿತ್ತು. ಅಮ್ಮ ಒಂದು ಗುಟುಕು ಕುಡಿದು, "ಸಕ್ಕರೆ ಹದವಾಗಿದೆ," ಎಂದು ಲೋಟ ಹಿಡಿದು ಹೊರಗೆ ಹೋದರು.

"ಅಮ್ಮ ಖಾಲಿ ಚಮಚ ಹಾಕ್ಕೊಂಡ್ರು ಕಣೆ."

"ಶ್, ಮೆತ್ತಗೆ. ನಾನು ಮೊದಲೇ ಪಾತ್ರೆಗೆ ಸಕ್ಕರೆ ಹಾಕಿರ್ತೀನಿ." ಹೆಂಡತಿ ದಾರ ಕಡಿದಳು. "ಸಕ್ಕರೆ ಯಾವ ಕಡೆಯಿಂದ ಬಂತು ಅನ್ನೋದು ಅವರಿಗೆ ಬೇಕಿಲ್ಲ. ಕೈಗೆ ಅಭ್ಯಾಸ ಇದೆ, ಒಂದು ಸಲ ಆಡಿಸಿದ್ರೆ ಸಮಾಧಾನ. ಆ ಡಬ್ಬಿ ತೆಗೆದಿಟ್ರೆ ನೋಡಿ, ಸೊಸೆ ಸಪ್ಪೆ ಚಹ ಕೊಡ್ತಾಳೆ ಅಂತ ನಾಳೆಯಿಂದ ಶುರು."

ಸಾವಕಾಶಪ್ಪನವರು ಹೆಂಡತಿಯನ್ನು ಹೊಸದಾಗಿ ನೋಡುವಂತೆ ನೋಡಿದರು. ಜೀವಮಾನವಿಡೀ ಹಳೆಯ ಬಾಗಿಲ ಹಿಂದೆ ಹೊಸ ಬಾಗಿಲು ಇಟ್ಟದ್ದು ತಾವು. ಆ ತಮ್ಮ ಬೆನ್ನ ಹಿಂದೆ ನಿಂತು ಇವಳು ಇನ್ನೊಂದು ಬಾಗಿಲನ್ನು ತಳ್ಳುತ್ತಿದ್ದಾಳೆ, ಅದೂ ಗೊಣಗದೆ.

ಮರುದಿನ ಎಲ್ಲರ ಪರದೆಯ ಮೂಲೆಯಲ್ಲೂ ಒಂದು ಪುಟ್ಟ ಗುಂಡಿ ಕಾಣಿಸಿಕೊಂಡಿತು: 'ಹಳೆಯದೇ ಇರಲಿ.' ಅದನ್ನು ಒತ್ತಿದರೆ ಪರದೆ ಒಮ್ಮೆ ಬಿಳಿಚಿಕೊಂಡು, ಏನೋ ಮಹತ್ತರವಾದದ್ದು ನಡೆಯುತ್ತಿದೆ ಎನ್ನುವಷ್ಟು ಹೊತ್ತು ತಡೆದು, ಮೊದಲಿದ್ದ ಹಾಗೆಯೇ ಮರಳುತ್ತಿತ್ತು. ಅದರ ಕೆಲಸ ಇಷ್ಟೇ. ಹುಟ್ಟುಗುಣ ಬಿಡದೆ, ಗುಂಡಿಯ ಕೆಳಗೆ ಸಣ್ಣಕ್ಷರದಲ್ಲಿ 'ಇದು ಮುಂದಿನ ತಿಂಗಳು ಇರುವುದಿಲ್ಲ' ಎಂದೂ ಬರೆದಿದ್ದರು.

ಕನ್ನಡಕದಣ್ಣ ಒತ್ತಿದರು. ಪರದೆ ಹೋಯಿತು, ಬಂತು. "ಆಹಾ, ಇದಪ್ಪಾ ನಮ್ಮ ಪರದೆ," ಎಂದರು. ಅಕ್ಷರಗಳು ದಪ್ಪವಾಗಿದ್ದವು. ನಿಟ್ಟುಸಿರು ಬಿಟ್ಟು ಹಣೆ ಒರೆಸಿಕೊಳ್ಳಲು ಹೋದಾಗ ಕನ್ನಡಕವೂ ಹಣೆಯ ಮೇಲೇ ಸಿಕ್ಕಿತು. ಚೀಲದವರ ಮೌಸ್ ಹಗುರವಾಯಿತು. ಹಲ್ಲಿನವರ ಜುಂ ನಿಂತಿತು. ಕೆಲವರು ಒಮ್ಮೆ ಒತ್ತಿದ್ದು ಸಾಲದೆ, ಊಟವಾದ ಮೇಲೂ ಒಂದು ಸಲ ಒತ್ತಿಕೊಂಡರು. ಕಾವಲುಗಾರ ಬಂದು, ಎಲ್ಲರಿಗೂ ಕೊಟ್ಟಿದ್ದೀರಿ, ನನಗೇ ಇಲ್ಲವೇ ಎಂದು ಮುನಿಸಿಕೊಂಡ. ಸಾವಕಾಶಪ್ಪನವರು ಅದರ ಮರುದಿನ ಹೆಂಡತಿಯ ಪೆಟ್ಟಿಗೆಯಿಂದ ದೊಡ್ಡದೊಂದು ಕೋಟಿನ ಗುಂಡಿ ತಂದು ಗೇಟಿಗೆ ಅಂಟಿಸಿಕೊಟ್ಟರು. ಅವತ್ತಿನಿಂದ ಗೇಟು ಬೆಣ್ಣೆಯ ಹಾಗೆ ತೆರೆಯತೊಡಗಿತು.

ಶುಕ್ರವಾರ ಅಧ್ಯಕ್ಷೆಯವರು ಬಂದಾಗ ಇಡೀ ಕಚೇರಿಯಲ್ಲಿ ಒಂದು ದೂರಿಲ್ಲ. ನಿರ್ದೇಶಕರು ಅವರ ಜೊತೆ ಜೊತೆಗೇ ನಡೆದು, "ಹೊಸದನ್ನೂ ತಂದಿದ್ದೀವಿ ಮೇಡಂ, ಹಳೇದನ್ನೂ ಬಿಟ್ಟಿಲ್ಲ," ಎಂದು ವಿವರಿಸಿದರು. ಆದರೆ ಅಧ್ಯಕ್ಷೆಯವರು ಅಷ್ಟಕ್ಕೆ ಬಿಡುವವರಲ್ಲ. ಈಗ ಯಾವುದು ನಡೆಯುತ್ತಿದೆ ಎಂದು ಎಲ್ಲರನ್ನೂ ಕೇಳಿದರು.

"ಅಪ್ಪಟ ಹಳೇದು," ಎಂದರು ಕನ್ನಡಕದಣ್ಣ.

"ಬೆಳಿಗ್ಗೆ ಹೊಸದು, ಒತ್ತಿದ ಮೇಲೆ ಹಳೇದು," ಎಂದರು ಚೀಲದವರು.

"ಹೊಸದೇ, ಸಂಶಯವೇ ಬೇಡ," ಎಂದರು ನಿರ್ದೇಶಕರು.

"ಆ ತಮ್ಮನ್ನ ಕೇಳಿ," ಎಂದಳು ಕೊಡೆ ಅಕ್ಕ. ಎರಡು ದಿನದ ಕೆಳಗೆ ಬಸ್ಸಿನಲ್ಲಿ ಸಿಕ್ಕಿದ ಕೊಡೆಯೊಂದು ಆಕೆಯ ಕೈಯಲ್ಲಿತ್ತು. ಅದು ಯಾರದೆಂದು ಆಕೆಗೆ ಗೊತ್ತಿತ್ತು. ಗುರುತು ಹೇಳುವ ತನಕ ಕೊಡುವ ಇರಾದೆ ಇರಲಿಲ್ಲ.

ಅಧ್ಯಕ್ಷೆಯವರು ಸಾವಕಾಶಪ್ಪನವರ ಮೇಜಿನ ಬಳಿ ಬಂದು ನಿಂತರು. ನಿರ್ದೇಶಕರು ಅವರ ಹಿಂದೆ ನಿಂತು, ಒಮ್ಮೆ ಸಾವಕಾಶಪ್ಪನವರನ್ನೂ ಒಮ್ಮೆ ನೆಲಮಾಳಿಗೆಯ ಮೆಟ್ಟಿಲನ್ನೂ ನೋಡಿದರು. ಹತ್ತಾರು ಕುರ್ಚಿಗಳು ಕಿರುಗುಟ್ಟುವುದನ್ನು ನಿಲ್ಲಿಸಿದವು.

"ನೀವಾದ್ರೂ ನಿಜ ಹೇಳಿ. ನಾವೀಗ ಹೊಸದರಲ್ಲಿದ್ದೀವೋ, ಹಳೇದರಲ್ಲೋ?"

ಸಾವಕಾಶಪ್ಪನವರು ಎಡಗೈ ಮೇಜಿಗೆ ಊರಿ, ಬಲಗೈ ಮೊಣಕಾಲಿಗೆ ಊರಿ ಎದ್ದರು. ಚೌಕಟ್ಟು ಮಾಡುವವರಿಂದ ಬಂದಿದ್ದ ಸಂದೇಶವೊಂದು ಅವರ ಪರದೆಯಲ್ಲಿ ಇನ್ನೂ ತೆರೆದೇ ಇತ್ತು.

"ಹೊಸದರಲ್ಲೇ ಇದ್ವಿ ಮೇಡಂ," ಎಂದರು. "ಇವತ್ತು ಬೆಳಿಗ್ಗೆ ಅದರ ಮುಂದಿನದು ಬಂತು. ಈಗ ಹಳೇದರಲ್ಲಿದ್ದೀವಿ."